ಕೂಲಿಯ ಜಯಘೋಷ

ಚುನಾವಣೆಯು ಹಣದ ಕಾರ್ಯ. ಸ್ವಯಂಸೇವಕರ ಉತ್ಸಾಹದಿಂದ ಆಗತಕ್ಕುದೇನೂ ಇಲ್ಲವೆಂದು ವ್ಯವಹಾರಜ್ಞರೆನಿಸಿಕೊಂಡವರು ಹೇಳುವರು. ಈ ಮಾತು ಜಾಣತನದಂತೆ ತೋರಿದರೂ ಸೋಮಾರಿತನದಿಂದ ಹುಟ್ಟಿದುದು.

ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿಯ ಭತ್ತವನ್ನಳೆಯುವ ಕೊಳಗದ ವಿಷಯವಾಗಿ ರೈತರು 1951ರಲ್ಲಿ ಸತ್ಯಾಗ್ರಹ ಹೂಡಿದರಷ್ಟೆ. ಉಳುವ ನೆಲವು ಅವರದಾಗಿರಲಿಲ್ಲ. ಆದರೂ 1952ರ ಪ್ರಥಮ ಮಹಾಚುನಾವಣೆಯಲ್ಲಿ ಸಾಗರ, ಹೊಸನಗರಗಳ ಮತದಾರರು ಸಿರಿವಂತಿಕೆಯಿಲ್ಲದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಆ ಗೆಲುವಿನ ಮೂಲಧನವಾವುದು? ಕೊಳಗದ ಅನ್ಯಾಯವನ್ನು ತಮ್ಮ ಕಣದಲ್ಲಿಯೇ ಕಂಡವರು ನೆರೆಮನೆಯವನಿಗೆ ಹೇಳಿದ ಮಾತು. ಅದೇ ಗೌಡರು 1957ರಲ್ಲಿ ಸೋತರೆಂಬುದೂ ದಿಟವೇ; 1962ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಗೆದ್ದರು.

ಇಂದು ಕರ್ನಾಟಕದಲ್ಲಿ ವಿಧಾನಸಭೆಯ ಅಭ್ಯರ್ಥಿಯೊಬ್ಬನು 40 ಲಕ್ಷ ರೂಪಾಯಿಗಳವರೆಗೆ ವೆಚ್ಚಮಾಡಬಹುದು. ಪಕ್ಷದ ವೆಚ್ಚಕ್ಕಾದರೋ ಮಿತಿಯೇ ಇಲ್ಲ. ಬೆಳಗ್ಗೆ ಒಂದು ಬಾವುಟವನ್ನೂ ಸಂಜೆ ಮತ್ತೊಂದನ್ನೂ ಹಿಡಿಯುವ ಬಾಡಿಗೆಯ ಮೆರವಣಿಗೆಗೆ ಜನಬೆಂಬಲವೆಂದು ಹೆಸರು! ಕೂಲಿ ಪಡೆದವನ ಲೆಕ್ಕವು ಆ ಸಂಜೆಗೇ ತೀರುವುದು. ಕೂಲಿಯಿಲ್ಲದೆ ದುಡಿದವನ ಲೆಕ್ಕವು ಐದು ವರ್ಷ ತೀರದು; ಗೆದ್ದವನ ಬಾಗಿಲಲ್ಲಿ ನಿಂತು, "ಅಂದು ಆಡಿದ ಮಾತೇನಾಯಿತು?" ಎಂದು ಕೇಳುವ ಅಧಿಕಾರವು ಅವನಿಗುಂಟು. ಸ್ವಯಂಸೇವಕನು ಪಕ್ಷಗಳಿಗೆ ಬೇಡವಾಗಿರುವುದು ಇದಕ್ಕಾಗಿಯೇ. ಉತ್ಸಾಹವು ನಿಷ್ಪ್ರಯೋಜಕವೆಂಬುದು ಬರಿಯ ನೆಪ.

ವಿದ್ಯಾವಂತರ ರೀತಿಯಾದರೂ ಮೆಚ್ಚತಕ್ಕುದೇ? ಚುನಾವಣೆಯು ಕೆಟ್ಟಿತೆಂದು ಜಗಲಿಯಲ್ಲಿ ಕುಳಿತು ಮರುಗುವ ಇವರು, ತಾವು ಮೆಚ್ಚಿದ ಅಭ್ಯರ್ಥಿಗಾಗಿ ಮನೆಮನೆಗೆ ಹೋಗುವುದನ್ನು ಮಾತ್ರ ಮಾನಹಾನಿಯೆಂದೆಣಿಸುವರು. ಮತದಾರರ ಪಟ್ಟಿಯನ್ನು ಹಿಡಿದು ತಮ್ಮ ಬೀದಿಯ ಹತ್ತು ಕದಗಳನ್ನು ತಟ್ಟಲು ಅವರಿಗೆ ಯಾರ ಅಪ್ಪಣೆ ಬೇಕಾಗಿದೆ?