ಬಿದ್ದವರು ಮತ್ತೆ ಕುದುರೆ ಏರುವುದು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ನೀವೆಲ್ಲ ಬಾಲ್ಯದಲ್ಲೇ ಕೇಳಿದ್ದೀರಿ. ಅರಮನೆಯಿಂದ ಬಂದ ಬೆಕ್ಕಿಗೆ ಆತ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಕೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಭಯ ಹುಟ್ಟುವ ಬಗೆಯನ್ನು ಇದಕ್ಕಿಂತ ಸರಳವಾಗಿ ತರಗತಿಯಲ್ಲಿ ವಿವರಿಸುವುದು ಕಷ್ಟ. ಒಂದೇ ಸಲದ ನೋವು ಸಾಕು. ಆಮೇಲೆ ಆರಿದ ಹಾಲೂ ಸುಡುವ ಹಾಲೇ. 'ಇದು ತಣ್ಣಗಿದೆ, ಕುಡಿ' ಎಂದು ಬೆಕ್ಕಿಗೆ ತಿಳಿಹೇಳಿ ಪ್ರಯೋಜನವಿಲ್ಲ.

ಮನುಷ್ಯರಿಗೂ ಅಷ್ಟೇ. ಇದನ್ನು ಇತ್ತೀಚೆಗೆ ಮತ್ತೆ ನೆನಪಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವಳು ಈಗ ನಲವತ್ತು ದಾಟಿದ್ದಾಳೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಚಿಕ್ಕಂದಿನ ಆಸೆಯೆಂದು ಊರ ಹೊರಗಿನ ಶಾಲೆಯೊಂದರಲ್ಲಿ ಒಂದು ವರ್ಷ ಸವಾರಿ ಕಲಿತು, ರೇಸಿನಿಂದ ನಿವೃತ್ತವಾದ ಎಂಟು ವರ್ಷದ ಕುದುರೆಯೊಂದನ್ನು ಕೊಂಡಳು. ಮೂರನೆಯ ತಿಂಗಳಲ್ಲಿ ಒಂದು ದಿನ ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಗಾಳಿಗೆ ಪಟಪಟ ಎಂದಿತು. ಕುದುರೆ ಪಕ್ಕಕ್ಕೆ ಹಾರಿತು. ಈಕೆ ನೆಲಕ್ಕೆ ಬಿದ್ದು ಕಾಲರ್ ಮೂಳೆ ಮುರಿದುಕೊಂಡಳು.

"ಸಾರ್, ಮೂಳೆ ಕೂಡಿಕೊಂಡು ನಾಲ್ಕು ತಿಂಗಳಾಯ್ತು. ದಿನಾ ಲಾಯಕ್ಕೆ ಹೋಗ್ತೀನಿ, ಕ್ಯಾರೆಟ್ ತಿನ್ನಿಸ್ತೀನಿ, ಮೈ ಉಜ್ಜುತ್ತೀನಿ. ಜೀನು ಕೈಗೆ ತಗೊಂಡ್ರೆ ಮಾತ್ರ ಕಾಲು ನಡುಗುತ್ತೆ. ಮನೇಲಿ ಎಲ್ರೂ ಮಾರಿಬಿಡು ಅಂತಾರೆ. ನಾನು ಹೇಡಿನಾ ಸಾರ್?" ಎಂದು ಕೇಳಿದಳು.

ಮಾರುವುದು ಅಷ್ಟು ಸುಲಭದ ಮಾತಲ್ಲ. ಚೆನ್ನಾಗಿ ಸಾಕಿದರೆ ಕುದುರೆ 25 ವರ್ಷ ದಾಟಿ ಬದುಕುವ ಪ್ರಾಣಿ. ಎಂಟರ ಕುದುರೆಗೆ ಆಯುಸ್ಸಿನ ಮುಕ್ಕಾಲು ಪಾಲು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಕೈಯಿಂದ ಕೈಗೆ ಬದಲಾಗುವ ಕುದುರೆ ಕೊನೆಗೆ ಯಾವ ಮದುವೆಯ ಬ್ಯಾಂಡಿನ ಮುಂದೆ, ಯಾವ ಗಾಡಿಯ ಮೂಕಿಗೆ ಹೋಗಿ ನಿಲ್ಲುತ್ತದೆಯೋ ಹೇಳುವವರಿಲ್ಲ. ಅದು ಆಕೆಗೂ ಗೊತ್ತಿತ್ತು. ಸಂಕಟ ಇದ್ದದ್ದೂ ಅಲ್ಲೇ. ನಾನು ಕುದುರೆ ಸವಾರನಲ್ಲ. ಸವಾರಿಯ ವಿಷಯ ಹೇಳಲು ಅವರ ಶಾಲೆಯ ಹಿರಿಯ ತರಬೇತುದಾರರಿದ್ದರು. ನಾನು ಮಾಡಿದ್ದು ಭಯದ ಪ್ರಶ್ನೆಯನ್ನು ವಿಜ್ಞಾನದ ಲೆಕ್ಕದಂತೆ ಬಿಡಿಸಲು ಕುಳಿತದ್ದು, ಅಷ್ಟೇ.

ಭಯಕ್ಕೆ ಆಧಾರವಿದೆ

ಮೊದಲು 'ಹೇಡಿ' ಎಂಬ ಮಾತನ್ನು ನೋಡೋಣ. ಸಾಧಾರಣ ಎತ್ತರದ ರೇಸ್ ಕುದುರೆಯ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 2.4 ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಕೆಳಗಿರುವ ಪ್ರಾಣಿಯ ತೂಕ 450ರಿಂದ 500 ಕಿಲೋ. ಇದನ್ನು ಕಂಡು ಹೆದರುವ ಮಿದುಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಮಿದುಳಿನೊಳಗಿನ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ ಅಪಾಯದ ನೆನಪನ್ನು ಜೋಪಾನವಾಗಿಡುತ್ತದೆ. ಜೀನಿನ ಚರ್ಮದ ವಾಸನೆ ಬಂದರೂ ಸಾಕು, ಅದು ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಕಾಲು ನಡುಗುತ್ತದೆ. ಇದರಲ್ಲಿ ಹೇಡಿತನದ ಮಾತೇ ಇಲ್ಲ.

ಹುಡುಗರು ಬಿದ್ದರೆ ಮಣ್ಣು ಕೊಡವಿಕೊಂಡು ಮತ್ತೆ ಏರುತ್ತಾರೆ. ನಲವತ್ತರವರ ಕತೆ ಬೇರೆ. ಅವರಿಗೆ ಮನೆಯ ಸಾಲ ನೆನಪಾಗುತ್ತದೆ, ಮಕ್ಕಳ ಪರೀಕ್ಷೆ ನೆನಪಾಗುತ್ತದೆ. 'ಬಿದ್ದ ಕೂಡಲೇ ಮತ್ತೆ ಏರಬೇಕು' ಎಂಬ ಹಳೆಯ ಬುದ್ಧಿವಾದವನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ, ಮೂಳೆಯ ಬಗ್ಗೆ ಅನುಮಾನವಿದ್ದರೆ ಮೊದಲು ಡಾಕ್ಟರು, ಆಮೇಲೆ ಕುದುರೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಾಯಿಸಲೇಬೇಕು. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಪದರ ಒಮ್ಮೆ ಕುಗ್ಗಿದರೆ ಮುಂದಿನ ಪೆಟ್ಟನ್ನು ತಡೆಯಲಾರದು.

ಕುದುರೆಯ ಕಡೆಯಿಂದ ನೋಡಿ

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಆದ್ದರಿಂದ ಅದು ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿಯಷ್ಟನ್ನು ಏಕಕಾಲಕ್ಕೆ ಕಾಣಬಲ್ಲದು. ಹಣೆಯ ಮುಂದೆ ಮತ್ತು ಬಾಲದ ಹಿಂದೆ ಒಂದಿಷ್ಟು ಜಾಗ ಮಾತ್ರ ಅದಕ್ಕೆ ಕಾಣದು. ಬಯಲಿನಲ್ಲಿ ಮೇಯುತ್ತ, ತನ್ನನ್ನು ತಿನ್ನಬರುವ ಪ್ರಾಣಿಯನ್ನು ಮೂಲೆಗಣ್ಣಿನಲ್ಲೇ ಗುರುತಿಸಿ ಓಡಿದ ಪೂರ್ವಜರ ಕಣ್ಣು ಅದು. ಚೀಲ ಪಟಪಟ ಎಂದಾಗ ನಿಂತು ಪರಿಶೀಲಿಸಿದ ಕುದುರೆಗಳು ತೋಳದ ಹೊಟ್ಟೆ ಸೇರಿದವು. ಮೊದಲು ಹಾರಿ ಆಮೇಲೆ ನೋಡಿದವು ಸಂತತಿ ಬೆಳೆಸಿದವು. ನಮ್ಮ ವಿದ್ಯಾರ್ಥಿನಿಯ ಕುದುರೆ ತುಂಟತನ ಮಾಡಲಿಲ್ಲ, ಹೆದರಿತು.

ಅಲೆಕ್ಸಾಂಡರನ ಬ್ಯುಸಿಫಲಸ್ ಕುದುರೆಯ ವಿಷಯವನ್ನು ಪ್ಲುಟಾರ್ಕ್ ಬರೆದಿದ್ದಾನೆ. ಯಾರಿಗೂ ಬಗ್ಗದ ಆ ಕುದುರೆ ತನ್ನ ನೆರಳಿಗೇ ಬೆದರುತ್ತಿದೆ ಎಂಬುದನ್ನು ಹುಡುಗ ಅಲೆಕ್ಸಾಂಡರ್ ಗಮನಿಸಿ, ಅದರ ಮುಖವನ್ನು ಸೂರ್ಯನ ಕಡೆ ತಿರುಗಿಸಿದನಂತೆ. ಛಡಿ ಬೀಸಲಿಲ್ಲ, ಕಾರಣ ಹುಡುಕಿದ.

ಕಾರಣಗಳು ಬೇರೆಯೂ ಇರಬಹುದು. ಕುದುರೆಯ ಹಲ್ಲು ಸವೆದಂತೆ ಮೇಲೇರುತ್ತಲೇ ಇರುತ್ತದೆ. ಅಂಚು ಚೂಪಾದರೆ ಕಡಿವಾಣ ಹಾಕಿದಾಗ ಬಾಯಿ ನೋಯುತ್ತದೆ. ಜೀನು ಸರಿ ಹೊಂದದಿದ್ದರೆ ಬೆನ್ನು ನೋಯುತ್ತದೆ. ಕೆಲಸವಿಲ್ಲದೆ ಲಾಯದಲ್ಲಿ ಕಟ್ಟಿಹಾಕಿ ಓಟ್ಸು, ಬೇಯಿಸಿದ ಹುರುಳಿ ಧಾರಾಳವಾಗಿ ಕೊಟ್ಟರೆ ಆ ಶಕ್ತಿ ಎಲ್ಲಿ ಹೋಗಬೇಕು? ಆದ್ದರಿಂದ ಮೊದಲ ಕೆಲಸ ಪಶುವೈದ್ಯರಿಂದ ತಪಾಸಣೆ. ಈ ಕುದುರೆಗೆ ಹಲ್ಲು ಉಜ್ಜಿಸಬೇಕಾಯಿತು, ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕಾಯಿತು. ದಿನಕ್ಕೆ ಕೆಲವು ಗಂಟೆ ಬಯಲಿಗೆ ಬಿಡಲು ಏರ್ಪಾಡಾಯಿತು.

ಎರಡು ಎದೆಬಡಿತ

ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಕುದುರೆಗೂ ಮನುಷ್ಯನಿಗೂ ಎದೆಬಡಿತ ಅಳೆಯುವ ಯಂತ್ರ ಕಟ್ಟಿ, ಒಂದೇ ದಾರಿಯಲ್ಲಿ ಹಲವು ಸಲ ನಡೆಸಿದರು. ನಾಲ್ಕನೆಯ ಸಲಕ್ಕೆ ಮುಂಚೆ, 'ಈ ಬಾರಿ ನೀವು ಹಾದುಹೋಗುವಾಗ ಛತ್ರಿ ಬಿಚ್ಚುತ್ತೇವೆ' ಎಂದು ಮನುಷ್ಯರಿಗೆ ಹೇಳಿದರು. ಛತ್ರಿಯನ್ನು ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು! ಛತ್ರಿಯ ಮಾತು ಕುದುರೆಗೆ ತಿಳಿಯುವಂತಿರಲಿಲ್ಲ. ಮೇಲೆ ಕುಳಿತವರ ಭಯ ಮೈಯಿಂದ ಮೈಗೆ ದಾಟಿತ್ತು.

ದಾಟುವುದು ಹೇಗೆ? ಹೆದರಿದ ಸವಾರರನ್ನು ಗಮನಿಸಿ. ಉಸಿರು ಬಿಗಿ ಹಿಡಿಯುತ್ತಾರೆ, ಮುಂದಕ್ಕೆ ಬಾಗುತ್ತಾರೆ, ಮಂಡಿ ಒತ್ತುತ್ತಾರೆ, ಲಗಾಮು ಜಗ್ಗುತ್ತಾರೆ, ನೆಲ ನೋಡುತ್ತಾರೆ. ಕಾಲಿನಿಂದ ಒತ್ತುವುದು ಕುದುರೆಗೆ 'ಮುಂದೆ ಹೋಗು' ಎಂಬ ಸೂಚನೆ. ಲಗಾಮು ಜಗ್ಗುವುದು 'ನಿಲ್ಲು' ಎಂಬ ಸೂಚನೆ. ಸ್ಕೂಟರಿನ ಆಕ್ಸಲರೇಟರು ಮತ್ತು ಬ್ರೇಕನ್ನು ಒಟ್ಟಿಗೆ ಒತ್ತಿದ ಹಾಗಾಯಿತು. ಸಾಲದ್ದಕ್ಕೆ ರೇಸ್ ಕುದುರೆ ಲಗಾಮಿನ ಬಿಗಿತಕ್ಕೆ ಒರಗಿಕೊಂಡೇ ಓಡಿ ಅಭ್ಯಾಸವಾಗಿರುತ್ತದೆ. ಜೊತೆಗೆ ನ್ಯೂಟನ್ ಕೂಡ ಇದ್ದಾನೆ. ಬಾಗಿದ ಸವಾರರ ಭಾರ ರಿಕಾಪಿಗಿಂತ ಮುಂದಿರುತ್ತದೆ. ಕುದುರೆ ಥಟ್ಟನೆ ನಿಂತರೆ ಜಡತ್ವದ ನಿಯಮದಂತೆ ಮೇಲಿದ್ದವರು ಮುಂದೆ ಹೋಗುತ್ತಾರೆ. ಹೆದರಿದವರು ಬೀಳುವ ಸಂಭವವೇ ಹೆಚ್ಚು.

ಉಸಿರು ಇದಕ್ಕೊಂದು ಕೀಲಿಕೈ. ಉಸಿರು ಹೊರಬಿಡುವಾಗ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಆದ್ದರಿಂದ ನಾಲ್ಕು ಹೆಜ್ಜೆಗೆ ಒಳಗೆ, ಆರು ಹೆಜ್ಜೆಗೆ ಹೊರಗೆ ಎಂದು ಎಣಿಸಿಕೊಂಡು ಉಸಿರಾಡಬೇಕು. ಎಣಿಸಲು ಬೇಸರವಾದರೆ ಹಾಡು ಗುನುಗಬಹುದು; ಹಾಡುತ್ತ ಉಸಿರು ಬಿಗಿ ಹಿಡಿಯಲಾಗದು. ನಮ್ಮಾಕೆ ಮಗ್ಗಿ ಹೇಳುತ್ತಾಳಂತೆ. ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಭಯಪಡಲು ಬಿಡುವೇ ಇರುವುದಿಲ್ಲವಂತೆ!

ಏಣಿಯ ಮೆಟ್ಟಿಲುಗಳು

ಇನ್ನು ಮುಖ್ಯ ಚಿಕಿತ್ಸೆ. ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1924ರಲ್ಲಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಮಗುವಿನ ಭಯ ಬಿಡಿಸಿದ ವಿವರ ಪ್ರಕಟಿಸಿದಳು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದಳು. ಮುಂದೆ ದಕ್ಷಿಣ ಆಫ್ರಿಕದ ಡಾಕ್ಟರು ಜೋಸೆಫ್ ವೋಲ್ಪೆ ಇದೇ ತತ್ವವನ್ನು ಬೆಕ್ಕುಗಳ ಮೇಲೆ ಪರೀಕ್ಷಿಸಿದರು. ಶಾಕ್ ತಿಂದ ಗೂಡಿನಲ್ಲಿ ಉಣ್ಣದ ಬೆಕ್ಕಿಗೆ ಮೊದಲು ಬೇರೆ ಕೋಣೆಯಲ್ಲಿ ಉಣಿಸಿ, ದಿನದಿಂದ ದಿನಕ್ಕೆ ಗೂಡಿನ ಹತ್ತಿರ ತಂದರು. ಅದನ್ನು ಮನುಷ್ಯರ ಚಿಕಿತ್ಸೆಯಾಗಿಸಿ 1958ರಲ್ಲಿ ಪುಸ್ತಕ ಬರೆದರು. ತೆನಾಲಿಯ ಬೆಕ್ಕಿಗೂ ಮದ್ದು ಇತ್ತು ಎಂದಾಯಿತು.

ನಾವೂ ಒಂದು ಏಣಿ ಬರೆದೆವು. ಸೊನ್ನೆ ಎಂದರೆ ನೆಮ್ಮದಿ, ನೂರು ಎಂದರೆ ಓಡಿಹೋಗಬೇಕೆನ್ನುವ ದಿಗಿಲು. ಕುದುರೆಯ ಮೈ ಉಜ್ಜುವುದಕ್ಕೆ ಆಕೆ 5 ಅಂಕ ಕೊಟ್ಟಳು. ಹಗ್ಗ ಹಿಡಿದು ನಡೆಸುವುದಕ್ಕೆ 15. ಜೀನು ಬಿಗಿಯುವುದಕ್ಕೆ 35. ಕಟ್ಟೆಯ ಮೇಲೆ ನಿಂತು ರಿಕಾಪಿಗೆ ಕಾಲಿಟ್ಟು ಇಳಿಯುವುದಕ್ಕೆ 45. ಶಾಲೆಯ ಮುದಿ ಕುದುರೆಯ ಮೇಲೆ ಕೂರುವುದಕ್ಕೆ 50. ತನ್ನ ಕುದುರೆಯ ಮೇಲೆ, ಇನ್ನೊಬ್ಬರು ಹಗ್ಗ ಹಿಡಿದಿರುವಾಗ, ಎರಡು ನಿಮಿಷ ಕೂರುವುದಕ್ಕೆ 60. ನಡಿಗೆ 70, ಕುಕ್ಕುಲೋಟ 80. ಆ ಬೇಲಿಯ ಪಕ್ಕ ಹಾಯುವುದಕ್ಕೆ ನೂರಕ್ಕೆ ನೂರು.

ನಿಯಮಗಳು ಮೂರು. ಒಂದು ಮೆಟ್ಟಿಲಿನ ಭಯ ಅರ್ಧಕ್ಕಿಳಿಯುವ ತನಕ ಮುಂದಿನದಕ್ಕೆ ಹೋಗಬಾರದು. ಕಷ್ಟವೆನಿಸಿದರೆ ಒಂದು ಮೆಟ್ಟಿಲು ಇಳಿದು, ಅಲ್ಲಿ ಚೆನ್ನಾಗಿ ಮುಗಿಸಿ ಮನೆಗೆ ಹೋಗಬೇಕು, ದಿಗಿಲಿನಲ್ಲಿ ಮುಗಿಸಬಾರದು. ವಾರಕ್ಕೊಮ್ಮೆ ಎರಡು ಗಂಟೆಗಿಂತ ವಾರಕ್ಕೆ ಮೂರು ಸಲ ಇಪ್ಪತ್ತು ನಿಮಿಷ ಮೇಲು.

ಅದೇ ಹೊತ್ತಿಗೆ ತರಬೇತುದಾರರು ಕುದುರೆಗೂ ಅದರದೇ ಏಣಿ ಹಾಕಿದರು. ಪ್ಲಾಸ್ಟಿಕ್ ಚೀಲವನ್ನು ದೂರದಲ್ಲಿ ಹಿಡಿಯುವುದು. ಅದು ತಲೆ ತಗ್ಗಿಸಿ, ಕಿವಿ ಸಡಿಲಿಸಿ ನಿಂತ ಕೂಡಲೇ ಚೀಲವನ್ನು ಹಿಂದಕ್ಕೆ ಸರಿಸುವುದು. ಮರುದಿನ ಒಂದು ಹೆಜ್ಜೆ ಹತ್ತಿರ. ಕೆಲವು ವಾರಗಳಲ್ಲಿ ಅದು ಚೀಲವನ್ನು ಮೂಸಿ ನೋಡುವಷ್ಟಾಯಿತು.

ಐದು ತಿಂಗಳಾದವು. ಆಕೆ ಈಗ ಸುತ್ತುಬೇಲಿಯ ಅಂಗಳದಲ್ಲಿ ಒಬ್ಬಳೇ ನಡಿಗೆ, ಕುಕ್ಕುಲೋಟ ಮಾಡುತ್ತಾಳೆ. ಆ ಬೇಲಿಯ ಕಡೆ ಇನ್ನೂ ಹೋಗಿಲ್ಲ. ನಡುವೆ ಮಳೆಯಿಂದ ಮೂರು ವಾರ ಸವಾರಿ ತಪ್ಪಿತು. ಮರಳಿ ಹೋದಾಗ ಮತ್ತೆ ಕಾಲು ನಡುಗಿತು. "ಎಲ್ಲಾ ಮೊದಲಿನ ಹಾಗೇ ಆಯ್ತು ಸಾರ್" ಎಂದು ಫೋನು ಮಾಡಿದಳು. ಇಲ್ಲಮ್ಮ, ಇದನ್ನು ಪಾವ್ಲೊವ್ ತನ್ನ ನಾಯಿಗಳಲ್ಲೇ ಕಂಡಿದ್ದ ಎಂದೆ. ಅಳಿದಂತೆ ತೋರಿದ ಪ್ರತಿಕ್ರಿಯೆ ಸ್ವಲ್ಪ ಬಿಡುವಿನ ನಂತರ ತಾನಾಗಿ ತಲೆಯೆತ್ತುತ್ತದೆ. ಹಳೆಯ ಭಯ ಪೂರ್ತಿ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಬರೆಯುತ್ತಿರುತ್ತೇವೆ. ಎರಡನೆಯ ಸಲ ಏಣಿ ಹತ್ತುವುದು ಬೇಗ ಆಗುತ್ತದೆ. ಹಾಗೇ ಆಯಿತು, ನಾಲ್ಕೇ ದಿನ ಸಾಕಾಯಿತು.

ಇಷ್ಟೆಲ್ಲ ಮಾಡಿಯೂ ಜೋಡಿ ಹೊಂದದಿರಬಹುದು. ಹೊಸ ಸವಾರರಿಗೆ ರೇಸ್ ಬಿಟ್ಟ ಕುದುರೆ ಎಲ್ಲ ಸಲವೂ ತಕ್ಕದ್ದಲ್ಲ. ಆಗ ನುರಿತವರ ಕೈಗೆ, ಗೊತ್ತಿರುವ ಒಳ್ಳೆಯ ಜಾಗಕ್ಕೆ ಅದನ್ನು ಕೊಟ್ಟು, ತಾವು ವಯಸ್ಸಾದ ಸಾಧು ಕುದುರೆಯೊಂದನ್ನು ಏರಿದರೆ ಅದು ಸೋಲಲ್ಲ. ಆದರೆ ಆ ನಿರ್ಧಾರವನ್ನು ದಿಗಿಲಿನ ದಿನ ತೆಗೆದುಕೊಳ್ಳಬೇಡಿ. ಏಣಿಯ ನಾಲ್ಕಾರು ಮೆಟ್ಟಿಲು ಹತ್ತಿ, ಉಸಿರು ಸರಾಗವಾದ ಮೇಲೆ ಯೋಚಿಸಿ. ಕುದುರೆ ಇಲ್ಲದವರೂ ಇದನ್ನು ಪ್ರಯತ್ನಿಸಬಹುದು. ಒಮ್ಮೆ ಸ್ಕೂಟರಿನಿಂದ ಬಿದ್ದು ಮತ್ತೆ ಮುಟ್ಟದವರು, ಕೆರೆಯಲ್ಲಿ ಮುಳುಗೆದ್ದು ಈಜು ಬಿಟ್ಟವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಒಂದು ಹಾಳೆ ತೆಗೆದುಕೊಳ್ಳಿ, ಹತ್ತು ಮೆಟ್ಟಿಲು ಬರೆಯಿರಿ. ಕೆಳಗಿನದು ಎಷ್ಟು ಸುಲಭವಿರಬೇಕೆಂದರೆ, ಅದನ್ನು ಬರೆಯಲು ನಿಮಗೇ ಸ್ವಲ್ಪ ನಾಚಿಕೆಯಾಗಬೇಕು.