ಸದ್ದು ಮಾಡಿದ್ರೆ ತಂಪಾಗೂದಿಲ್ಲ

ಬೈಂದೂರಾಗಲಿ, ಕುಂದಾಪುರ, ಬ್ರಹ್ಮಾವರವಾಗಲಿ, ಮೇ ತಿಂಗಳ ಸೆಕೆಗೆ ಪಿಸಿ ಬಿಸಿಯಾದ ಕೂಡಲೇ ನಾವು ಹೆಚ್ಚು ಆರ್‌ಪಿಎಂ ಇರುವ ಫ್ಯಾನ್ ಹುಡುಕ್ತೇವೆ. ಅದು ದಂಡ ಅಂತ ನನ್ನ ಅಭಿಪ್ರಾಯ.

ಲೆಕ್ಕ ಕಾಣಿ. ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧ. ಆದ್ರೆ ಸದ್ದು ಸುಮಾರು 15 ಡೆಸಿಬೆಲ್ ಇಳೀತದೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕದಲ್ಲಿ ಹಾಕಿದರೆ ಏರುವುದು ಬರೀ 3 ಡೆಸಿಬೆಲ್. ಗಾಳಿ ಹೆಚ್ಚುಕಡಿಮೆ ಮೊದಲಿನಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. 120 ಮಿ.ಮೀ. ಬದಲು 140 ಮಿ.ಮೀ. ಫ್ಯಾನ್ ಹಿಡಿಸಿದರೆ ಇನ್ನೂ ನಿಧಾನ ತಿರುಗಿಸಬಹುದು.

ದುಡ್ಡು ಖರ್ಚು ಮಾಡುವ ಮೊದಲು ಫಿಲ್ಟರ್ ತೆಗೆದು ಕಾಣಿ ಮಾರಾಯ್ರೆ. ನಮ್ಮ ತೇವದ ಗಾಳಿಗೆ ಧೂಳು ಅಂಟಿ ಜಾಲರಿ ಮುಚ್ಚಿರ್ತದೆ. ತೊಳೆದು, ಪೂರ್ತಿ ಒಣಗಿಸಿ ಹಾಕಿ. ಪರೀಕ್ಷೆ ಹಿಂದಿನ ರಾತ್ರಿ ರೂಮ್‌ಮೇಟ್‌ಗಾದ್ರೂ ನಿದ್ದೆ ಬರಲಿ.