98 ದಿನದ ಬದಲಿ ಮುಖ್ಯಮಂತ್ರಿ

ಗಿರಣಿಯಲ್ಲಿ ದುಡಿದವರಿಗೆ ಬದಲಿ ಕೆಲಸಗಾರನೆಂದರೆ ಯಾರೆಂದು ಹೇಳಿಕೊಡಬೇಕಾಗಿಲ್ಲ. ಕಾಯಂ ಆಳು ಬಾರದ ದಿನ ಅವನ ಮಗ್ಗಕ್ಕೆ ನಿಲ್ಲುತ್ತಾನೆ. ಆತ ಮರಳಿ ಬಂದೊಡನೆ ಮಗ್ಗ ಬಿಟ್ಟು ಬಾಗಿಲ ಹೊರಗೆ ಬರುತ್ತಾನೆ. ಬದಲಿಯವನು ನೇಯ್ದದ್ದೂ ಬಟ್ಟೆಯೇ. ಆದರೆ ಮಗ್ಗ ಮಾತ್ರ ಅವನದಲ್ಲ. ನಮ್ಮ ರಾಜ್ಯದ ಮುಖ್ಯಮಂತ್ರಿಯ ಗಾದಿಗೂ ಒಮ್ಮೆ ಇಂಥ ಬದಲಿ ಬಂದಿತ್ತು. ಬಂದವರು ದೂರದವರಲ್ಲ, ನಮ್ಮ ಜಿಲ್ಲೆಯವರೇ.

ಹುನಗುಂದದ ಶಾಸಕ ಎಸ್. ಆರ್. ಕಂಠಿಯವರು 1962ರ ಮಾರ್ಚ್ 14ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಜೂನ್ 20ಕ್ಕೆ ಇಳಿದರು. ಒಟ್ಟು 98 ದಿನ. ಹುನಗುಂದ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರವರೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೊಡನೆ ಒಂದೇ ವಿಜಾಪುರ ಜಿಲ್ಲೆಯಲ್ಲಿತ್ತು.

ಬದಲಿ ಏಕೆ ಬೇಕಾಯಿತು? ಆ ಚುನಾವಣೆಯಲ್ಲಿ 208 ಸ್ಥಾನಗಳಲ್ಲಿ 138 ಕಾಂಗ್ರೆಸ್ಸಿಗೆ ಬಂದವು. ಆದರೆ ಅದರ ದೊಡ್ಡ ಮುಂದಾಳು ನಿಜಲಿಂಗಪ್ಪನವರನ್ನು ಹೊಸದುರ್ಗದ ಮತದಾರರು ಸೋಲಿಸಿದ್ದರು. ಗೆದ್ದವರು ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರು. ಪಕ್ಷ ಗೆದ್ದಿತು, ನಾಯಕ ಸೋತರು. ಆಗ, ಐದು ವರ್ಷಕ್ಕೂ ಹೆಚ್ಚು ಕಾಲ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದ ಕಂಠಿಯವರನ್ನು ಗಾದಿಗೆ ಕೂಡಿಸಿದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಿಂದ ಸಭೆಗೆ ಬಂದರು. ಕಂಠಿಯವರು ಗಾದಿ ಬಿಟ್ಟುಕೊಟ್ಟು, ಅವರ ಮಂತ್ರಿಮಂಡಲದಲ್ಲಿಯೇ ಶಿಕ್ಷಣ ಮಂತ್ರಿಗಳಾದರು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಶಾಸಕನಲ್ಲದವನೂ ಆರು ತಿಂಗಳು ಮಂತ್ರಿಯಾಗಿರಬಹುದೆಂದು ನಮ್ಮ ಸಂವಿಧಾನ ಹೇಳುತ್ತದೆ. ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿದ್ದಾಗ, 1952ರಲ್ಲಿ, ಚುನಾವಣೆಯಲ್ಲಿ ಸೋತ ಮೊರಾರ್ಜಿ ದೇಸಾಯಿಯವರೇ ಮುಖ್ಯಮಂತ್ರಿಗಳಾದರು. ಮೈಸೂರಿನಲ್ಲಿ ಹಾಗಾಗಲಿಲ್ಲ; ಜನ ಆರಿಸಿದವರೊಬ್ಬರು ಗಾದಿಯಲ್ಲಿದ್ದರು. ಅಷ್ಟರಮಟ್ಟಿಗೆ ಮೈಸೂರಿನ ದಾರಿ ಮೇಲು. ಕೈಗೆ ಬಂದ ಅಧಿಕಾರವನ್ನು ಜಗಳವಿಲ್ಲದೆ ಮರಳಿಸಿದ ಕಂಠಿಯವರ ಸಭ್ಯತೆಯೂ ಸಣ್ಣದಲ್ಲ. ಕುರ್ಚಿಗಾಗಿ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರಿಸಾರ್ಟುಗಳಿಗೆ ಒಯ್ಯುವುದನ್ನು ಕಂಡ ನಮಗೆ ಅದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಆದರೆ ಪ್ರಶ್ನೆ ಕಂಠಿಯವರ ಗುಣದ್ದಲ್ಲ, ಗಾದಿಯ ಒಡೆತನದ್ದು. ಸಾವುಕಾರ ಯಾತ್ರೆಗೆ ಹೋದಾಗ ಮುನೀಮ ಗಾದಿಯ ಮೇಲೆ ಕೂಡುತ್ತಾನೆ. ಅಂಗಡಿ ಸಾವುಕಾರನದು, ಆದ್ದರಿಂದ ಅದು ಸರಿ. ರಾಜ್ಯ ಯಾರ ಅಂಗಡಿ? ಹೊಸದುರ್ಗದ ಮತದಾರ ಬೇಡವೆಂದದ್ದನ್ನು ಪಕ್ಷದ ಹಿರಿಯರು ಮೂರು ತಿಂಗಳಲ್ಲಿ ಬೇಕೆಂದು ಮಾಡಿದರು. ಉಪಚುನಾವಣೆ ಕಾಯದೆಗೆ ಸರಿ. ಆದರೆ ಬಾಗಲಕೋಟೆಯವರ ಮುಂದೆ ಇಟ್ಟದ್ದು ಶಾಸಕನನ್ನು ಆರಿಸುವ ಪ್ರಶ್ನೆಯೋ, ಮುಂಚೆಯೇ ಗೊತ್ತಾಗಿದ್ದ ಮುಖ್ಯಮಂತ್ರಿಗೆ ಬಾಗಿಲು ತೆರೆಯುವ ಕೆಲಸವೋ?

98 ದಿನಗಳಲ್ಲಿ ಒಬ್ಬ ಮನುಷ್ಯ ಏನು ಮಾಡಬಲ್ಲ? ಬರದ ನಾಡಿನ ನೀರಿನ ಪ್ರಶ್ನೆಯನ್ನೇ ನೋಡಿರಿ. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ ಶಾಸ್ತ್ರಿಯವರ ಕೈಯಿಂದ. ಕಟ್ಟು ಮುಗಿಯಲು ನಾಲ್ಕು ದಶಕ ಹಿಡಿಯಿತು. ಇಂಥ ಕೆಲಸಕ್ಕೆ ಬೇಕಾದದ್ದು ನೆಲೆಯುಳ್ಳ ಅಧಿಕಾರ. ತೆರವು ಮಾಡುವ ದಿನವನ್ನು ಎಣಿಸುತ್ತ ಕೂತವನಿಗೆ ಅದು ಎಲ್ಲಿಂದ ಬರಬೇಕು?

ಹಾಗೆಂದು ಕಂಠಿಯವರು ಬರಿಗೈಯಲ್ಲಿ ಹೋದವರಲ್ಲ. ಅವರು ಶಿಕ್ಷಣ ಮಂತ್ರಿಗಳಾಗಿದ್ದಾಗ, 1963ರಲ್ಲಿ, ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. 1956ರಲ್ಲಿ ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದ ಕಡಿದಾಳು ಮಂಜಪ್ಪನವರ ಕಥೆಯೂ ಹೀಗೆಯೇ. ಅವರ ಹೆಸರು ನಿಂತಿರುವುದು ಆ ಗಾದಿಯಿಂದಲ್ಲ, ಕಂದಾಯ ಮಂತ್ರಿಯಾಗಿ ಇನಾಂ ರದ್ದತಿಗೆ ದುಡಿದದ್ದರಿಂದ. ಗಾದಿ ದೊಡ್ಡದಾದ ಮಾತ್ರಕ್ಕೆ ಕೆಲಸ ದೊಡ್ಡದಾಗುವುದಿಲ್ಲ. ಕಾಯಕದ ಮಾತು ಹುಟ್ಟಿದ ಸೀಮೆಯವರಿಗೆ ಇದು ಹೊಸ ಪಾಠವಲ್ಲ.

ಕಂಠಿಯವರು 1969ರ ಡಿಸೆಂಬರದಲ್ಲಿ ತೀರಿಕೊಂಡರು. ಅವರನ್ನು ಗೌರವದಿಂದ ನೆನೆಯೋಣ. ಅವರನ್ನು ಬದಲಿಯಾಗಿಸಿದ ಪದ್ಧತಿಯನ್ನು ಮಾತ್ರ ಒಪ್ಪದಿರೋಣ. ಈ ಪದ್ಧತಿ ಒಂದೇ ಪಕ್ಷದ ಸೊತ್ತಾಗಿ ಉಳಿದಿಲ್ಲ. ಮುಂದಿನ ಸಲ ಮತ ಕೇಳಲು ಬಂದವರನ್ನು ಒಂದು ಮಾತು ಕೇಳಿರಿ: ನಿಮ್ಮ ನಾಯಕನನ್ನು ನೀವು ಶಾಸಕರು ಬಹಿರಂಗವಾಗಿ ಆರಿಸುವಿರೋ, ಮೇಲಿನಿಂದ ಚೀಟಿ ಬರುವುದನ್ನು ಕಾಯುವಿರೋ? ಉತ್ತರ ಬರದಿದ್ದರೆ ತಿಳಿಯಿರಿ, ಬಂದವನು ಕಾಯಂ ಅಲ್ಲ, ಬದಲಿ.